ಟುಲೇರಿ ಜಿಲ್ಲೆಯ ಬೋರ್ ನೀರಿನ ಬಗ್ಗೆ ಅಪ್ಪ ಅಮ್ಮನಿಗೆ

ವೈಸೇಲಿಯಾ, ಕ್ಯಾಲಿಫೋರ್ನಿಯಾ

ಪೂಜ್ಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮ, ಮಂಡಿನೋವು ಈಗ ಹೇಗಿದೆ ಅಂತ ಮರೆಯದೆ ತಿಳಿಸು. ಅಪ್ಪ, ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ "ಮನೆಮನೆಗೆ ಕ್ಯಾನ್ ನೀರು ಕೊಡಿಸುತ್ತಾಳೆ" ಎನ್ನುತ್ತೀರಂತೆ. ಅದು ನಿಜವೇ. ಆದರೆ ಅಮೆರಿಕದಲ್ಲಿ ಆ ಕೆಲಸ ಯಾಕೆ ಬೇಕು ಎಂದು ಫೋನಿನಲ್ಲಿ ಬಿಡಿಸಿ ಹೇಳೋಕೆ ಆಗಿರಲಿಲ್ಲ. ಇವತ್ತು ರಜೆ, ಬರೆಯುತ್ತಿದ್ದೇನೆ.

ಟುಲೇರಿ ಜಿಲ್ಲೆ ಪೂರ್ತಿ ಬೇಸಾಯದ ಸೀಮೆ. ಎತ್ತ ನೋಡಿದರೂ ಕಿತ್ತಳೆ, ಬಾದಾಮಿ, ಪಿಸ್ತಾ, ದ್ರಾಕ್ಷಿ. ಹಾಲಿನಲ್ಲಂತೂ ಇಡೀ ಅಮೆರಿಕಕ್ಕೇ ಮೊದಲ ಜಿಲ್ಲೆ. ಬೆಳೆಗೆ ಹಾಕಿದ ಗೊಬ್ಬರದಲ್ಲಿ ಗಿಡ ಹೀರಿಕೊಂಡು ಮಿಕ್ಕಿದ್ದು, ಡೇರಿಗಳ ಸಗಣಿ ಗಂಜಲದ್ದು, ಎಲ್ಲ ನೈಟ್ರೇಟ್ ಎನ್ನುವ ಉಪ್ಪಾಗಿ ನೀರಿನ ಜೊತೆ ನೆಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಹೆಚ್ಚಾದರೆ ಎಳೆ ಕೂಸುಗಳಿಗೆ ಅಪಾಯ. ಯುಸಿ ಡೇವಿಸ್ ವಿಶ್ವವಿದ್ಯಾಲಯದವರು 2012ರಲ್ಲಿ ಈ ಕಡೆಯ ಬಯಲನ್ನೂ ಸಲೀನಾಸ್ ಕಣಿವೆಯನ್ನೂ ಸೇರಿಸಿ ಅಧ್ಯಯನ ಮಾಡಿದ್ದರು. ಅಂತರ್ಜಲಕ್ಕೆ ಸೇರುವ ನೈಟ್ರೇಟಿನಲ್ಲಿ ಶೇಕಡಾ 96 ಹೊಲತೋಟಗಳಿಂದಲೇ ಬರುತ್ತದೆ, ಸುಮಾರು 2,54,000 ಜನರ ಕುಡಿಯುವ ನೀರಿಗೆ ಇದರ ಅಪಾಯ ಇದೆ ಎಂದು ಅದರಲ್ಲಿ ಬರೆದಿದ್ದಾರೆ. ಈ ನೈಟ್ರೇಟ್ ಕೆಳಗಿಳಿಯುವುದು ಬಹಳ ನಿಧಾನ. ಇವತ್ತು ನಲ್ಲಿಯಲ್ಲಿ ಬರುವುದು ಎಷ್ಟೋ ಕಡೆ ಹತ್ತಾರು ವರ್ಷದ ಹಿಂದೆ ಚೆಲ್ಲಿದ ಗೊಬ್ಬರದ್ದು. ಈಗಿನ ರೈತರು ಎಷ್ಟೇ ಹಿಡಿತದಲ್ಲಿ ಗೊಬ್ಬರ ಹಾಕಿದರೂ ಈ ಬೋರುಗಳು ಬೇಗ ಸರಿಹೋಗುವುದಿಲ್ಲ. ಅಲ್ಲಿಯವರೆಗೆ ಜನ ಏನು ಕುಡಿಯಬೇಕು? ನಮ್ಮ ಕೆಲಸ ಹುಟ್ಟಿರುವುದೇ ಈ ಪ್ರಶ್ನೆಯಿಂದ.

ಊರುಗಳಿಗೆ ಕೊಳಾಯಿ ನೀರು ಕೊಡುವವರು ಆಗಾಗ ಪರೀಕ್ಷೆ ಮಾಡಿಸಲೇಬೇಕು. 1974ರ ಕುಡಿಯುವ ನೀರಿನ ಕಾನೂನು ಹಾಗೆ ಹೇಳುತ್ತದೆ. ಆದರೆ ಆ ಕಾನೂನು ಅನ್ವಯಿಸುವುದು 15 ಸಂಪರ್ಕವಾದರೂ ಇರುವ, ಇಲ್ಲವೇ 25 ಜನಕ್ಕಾದರೂ ನೀರು ಕೊಡುವ ವ್ಯವಸ್ಥೆಗೆ ಮಾತ್ರ. ತೋಟದ ನಡುವಿನ ಒಂಟಿ ಮನೆಗೆ ಸ್ವಂತ ಬೋರ್ ಇದ್ದರೆ ಅದರ ನೀರನ್ನು ಯಾರೂ ಕೇಳುವುದಿಲ್ಲ. ಬೋರ್ ನಿಮ್ಮದು, ಜವಾಬ್ದಾರಿಯೂ ನಿಮ್ಮದು ಎನ್ನುವುದು ಲೆಕ್ಕ. ಇದು ನನಗೆ ಯಾವತ್ತೂ ನ್ಯಾಯ ಅನ್ನಿಸಿಲ್ಲ ಅಪ್ಪ. ಕೆಡಿಸಿದ್ದು ಸುತ್ತಲಿನ ಜಮೀನು, ದುಡ್ಡು ಕೊಟ್ಟು ನೀರು ಕೊಳ್ಳಬೇಕಾದವರು ಆ ಜಮೀನಿನಲ್ಲೇ ಹಣ್ಣು ಕೀಳುವ ಕೂಲಿಯವರು.

ಈಗ ಸ್ವಲ್ಪ ಬದಲಾಗಿದೆ. ಶುದ್ಧ ನೀರು ಪ್ರತಿ ಮನುಷ್ಯನ ಹಕ್ಕು ಎಂದು ಕ್ಯಾಲಿಫೋರ್ನಿಯಾ 2012ರಲ್ಲಿ ಕಾನೂನು ಮಾಡಿತು. ಆಮೇಲೆ ನಾವಿರುವ ಸೆಂಟ್ರಲ್ ವ್ಯಾಲಿ ಎನ್ನುವ ಈ ಕಣಿವೆಗೆಂದೇ ನೈಟ್ರೇಟ್ ನಿಯಂತ್ರಣದ ನಿಯಮ ಬಂತು. ನೆಲಕ್ಕೆ ನೈಟ್ರೇಟ್ ಬಿಡುವ ತೋಟದವರು, ಡೇರಿಯವರು, ಕಾರ್ಖಾನೆಯವರು ಒಟ್ಟಾಗಿ ಹಣ ಹಾಕಿ, ಕೆಟ್ಟ ಬೋರಿನ ಮನೆಗಳಿಗೆ ಬದಲಿ ಕುಡಿಯುವ ನೀರು ಕೊಡಬೇಕು. 2021ರಲ್ಲಿ ಇದು ಮೊದಲ ಕೆಲವು ವಲಯಗಳಲ್ಲಿ ಶುರುವಾಯಿತು. ಬೋರ್ ಪರೀಕ್ಷೆ ಉಚಿತ. ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ನೀರೂ ಉಚಿತ. ಕೆಲವು ಕಡೆ ಕ್ಯಾನ್ ತಂದು ತುಂಬಿಸಿಕೊಳ್ಳುವ ಘಟಕಗಳನ್ನೂ ಇಟ್ಟಿದ್ದಾರೆ, ನಮ್ಮ ಕಡೆಯ ಶುದ್ಧ ನೀರಿನ ಘಟಕದ ಹಾಗೆ.

ಕೇಳಲು ಇಷ್ಟೇ. ಆದರೆ ನಿಜವಾದ ಕೆಲಸ ಇರುವುದು ಮನೆ ಬಾಗಿಲಲ್ಲಿ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. "ಮೂವತ್ತು ವರ್ಷದಿಂದ ಇದನ್ನೇ ಕುಡೀತಿದ್ದೀವಿ, ಏನೂ ಆಗಿಲ್ಲ" ಎಂದು ಹಿರಿಯರು ಹೇಳಿದರೆ ಎದುರು ಮಾತಾಡುವುದು ಕಷ್ಟ. ಅವರು ಸುಳ್ಳು ಹೇಳುತ್ತಿಲ್ಲವಲ್ಲ. ಬಾಡಿಗೆಗೆ ಇರುವವರಿಗೆ ಬೇರೆ ಭಯ. ನೀರು ಕೆಟ್ಟಿದೆ ಎಂದು ಗೊತ್ತಾದರೆ ಮಾಲೀಕರು ಮನೆ ಬಿಡಿಸಿಬಿಟ್ಟರೆ? ಮೆಕ್ಸಿಕೋದಿಂದ ಬಂದ ಎಷ್ಟೋ ಕುಟುಂಬಗಳಿಗೆ, ಕೈಯಲ್ಲಿ ಕಾಗದ ಹಿಡಿದು ಬಂದವರನ್ನು ಕಂಡರೇ ಹೆದರಿಕೆ. ನಾವು ಯಾರ ವೀಸಾವನ್ನೂ ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಸ್ಪ್ಯಾನಿಷ್ ಮಾತಾಡುವ ಹುಡುಗಿ ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಪಂಜಾಬಿ ರೈತರ ಮನೆಗಳಲ್ಲಿ ಮಾತ್ರ ನನಗೆ ಚಹಾ ಕುಡಿಯದೆ ಹೊರಡಲು ಬಿಡುವುದಿಲ್ಲ.

ವರದಿ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ: "ಕಾಯಿಸಿ ಕುಡಿದರೆ ಸಾಲದಾ?" ಅಮ್ಮ, ನೀನೂ ಇದನ್ನೇ ಕೇಳುತ್ತಿದ್ದೆ ಅಲ್ವಾ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ನೈಟ್ರೇಟ್ ಅಷ್ಟೇ ಉಳಿಯುತ್ತದೆ. ಅಂದರೆ ಕುದಿಸಿದಷ್ಟೂ ಜಾಸ್ತಿಯೇ. ಇದ್ದಿಲಿನ ಫಿಲ್ಟರ್ ಜಗ್ಗಿಗೂ ಅದು ಸಿಗುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ, ಆದರೆ ನೈಟ್ರೇಟ್ ತೀರಾ ಹೆಚ್ಚಿದ್ದರೆ ಅದೂ ಮಿತಿಯೊಳಗೆ ತರಲಾರದು. ಹಾಗಾಗಿಯೇ ಕ್ಯಾನು.

ಒಂದು ಕ್ಯಾನ್ ಐದು ಗ್ಯಾಲನ್, ಸುಮಾರು 19 ಲೀಟರ್. ಅಷ್ಟೇ ಕೆಜಿ ಭಾರ. ಒಂಟಿಯಾಗಿರುವ ಮುದುಕಿ ಅದನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಇಡುವುದು ಹೇಗೆ? ಇಂಥ ಮನೆಗೆ ಬಾಯಿಗೆ ಸಿಕ್ಕಿಸುವ ಪಂಪ್ ಬೇಕು, ಕ್ಯಾನನ್ನು ಅಡುಗೆಮನೆಯ ತನಕ ತಂದಿಡುವ ಡ್ರೈವರ್ ಬೇಕು. ಅರ್ಜಿಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಗೇಟಿನ ಹೊರಗೆ ಇಳಿಸಿ ಹೋದ ನೀರು ಕೊಟ್ಟ ಲೆಕ್ಕಕ್ಕೆ ಸೇರುತ್ತದೆ, ಕುಡಿದ ಲೆಕ್ಕಕ್ಕೆ ಸೇರುವುದಿಲ್ಲ. ನಾನು ಇದಕ್ಕಾಗಿ ತುಂಬಾ ಜಗಳ ಆಡಿದ್ದೇನೆ, ಇನ್ನೂ ಆಡುತ್ತೇನೆ. ಇನ್ನೊಂದು, ಜನ ಕ್ಯಾನ್ ನೀರನ್ನು ಉಳಿಸಿ ಉಳಿಸಿ ಬಳಸುತ್ತಾರೆ. ಕುಡಿಯೋಕೆ ಕ್ಯಾನಿನದು, ಬೇಳೆ ಬೇಯಿಸೋಕೆ ನಲ್ಲಿಯದು. ಬೇಳೆ ಹೀರಿಕೊಂಡ ನೀರೂ ಹೊಟ್ಟೆಗೇ ಹೋಗುತ್ತದೆ ಎಂದು ಪ್ರತಿ ಮನೆಯಲ್ಲೂ ಕೂತು ಹೇಳಬೇಕು. ಸ್ನಾನಕ್ಕೆ, ಬಟ್ಟೆ ಒಗೆಯೋಕೆ ನೈಟ್ರೇಟ್ ನೀರು ಪರವಾಗಿಲ್ಲ, ಚರ್ಮದಿಂದ ಅದು ಒಳಗೆ ಹೋಗುವುದಿಲ್ಲ.

ಸ್ನಾನಕ್ಕೆ ಪರವಾಗಿಲ್ಲ ಎನ್ನುವ ಮಾತು ಎಲ್ಲ ಬೋರಿಗೂ ಅನ್ವಯಿಸುವುದಿಲ್ಲ. ಬೇರಿಗೆ ಬೀಳುವ ಹುಳ ಕೊಲ್ಲಲು ಇಲ್ಲಿ ಹಿಂದೆ ಡಿಬಿಸಿಪಿ ಎನ್ನುವ ವಿಷ ಹಾಕುತ್ತಿದ್ದರು. 1977ರಲ್ಲೇ ಕ್ಯಾಲಿಫೋರ್ನಿಯಾ ಅದನ್ನು ನಿಲ್ಲಿಸಿತು. ಆದರೂ ಇವತ್ತಿಗೂ ಬೋರುಗಳಲ್ಲಿ ಸಿಗುತ್ತದೆ. ಅಂಥದೇ ಔಷಧಿಗಳಲ್ಲಿ ಕಲ್ಮಶವಾಗಿ ಸೇರಿಕೊಂಡಿದ್ದ ಟಿಸಿಪಿ ಎನ್ನುವುದಕ್ಕೆ 2017ರಲ್ಲಿ ಇಟ್ಟ ಮಿತಿ, ಒಂದು ಲಕ್ಷ ಕೋಟಿಯಲ್ಲಿ ಬರೀ ಐದು ಪಾಲು. ಇವು ಬಿಸಿ ನೀರಿನಿಂದ ಆವಿಯಾಗಿ ಉಸಿರಿನಲ್ಲೂ ಹೋಗುತ್ತವೆ. ಅಲ್ಲಿ ಅಡುಗೆಮನೆಗೆ ಕ್ಯಾನ್ ಕೊಟ್ಟರೆ ಸಾಲದು. ಇಡೀ ಮನೆಗೆ ನೀರು ಬರುವ ಪೈಪಿಗೇ ದೊಡ್ಡ ಇದ್ದಿಲಿನ ಫಿಲ್ಟರ್ ಕೂರಿಸಬೇಕು, ಕಾಲಕಾಲಕ್ಕೆ ಇದ್ದಿಲು ಬದಲಿಸಬೇಕು.

ಹೀಗೆ ವರ್ಷಗಟ್ಟಲೆ ಕ್ಯಾನ್ ಹೊರುವುದು ಪರಿಹಾರ ಅಂತ ನಾನು ಒಪ್ಪುವುದಿಲ್ಲ. ಹತ್ತಿರದ ಊರಿನಿಂದ ಪೈಪ್ ಎಳೆಯಬೇಕು. ಅದು ಆಗದ ಕೆಲಸವಲ್ಲ. ನಮಗೆ ಹತ್ತಿರದ ಈಸ್ಟ್ ಪೋರ್ಟರ್‌ವಿಲ್‌ನಲ್ಲಿ 2014ರ ಬರಗಾಲದಲ್ಲಿ ಬೋರುಗಳು ಬತ್ತಿಹೋಗಿ, ಅಂಗಳದಲ್ಲಿ ಟ್ಯಾಂಕ್ ಇಟ್ಟುಕೊಂಡು ಜನ ಬದುಕಿದ್ದರು. 2016ರಿಂದ 2018ರ ಒಳಗೆ ಪಕ್ಕದ ಪೋರ್ಟರ್‌ವಿಲ್ ಪಟ್ಟಣದ ಕೊಳಾಯಿಗೆ 700ಕ್ಕೂ ಹೆಚ್ಚು ಮನೆಗಳನ್ನು ಸೇರಿಸಿದರು. ಬತ್ತಿದ ಬೋರಿಗೆ ಮಾಡಿದ್ದನ್ನು ಕೆಟ್ಟ ಬೋರಿಗೂ ಮಾಡಬಹುದಲ್ವಾ? ಇಂಥ ಕೆಲಸಕ್ಕೆಂದೇ ರಾಜ್ಯ 2019ರಲ್ಲಿ ವರ್ಷಕ್ಕೆ 13 ಕೋಟಿ ಡಾಲರ್‌ವರೆಗೆ ತೆಗೆದಿಡುವ ಕಾನೂನು ಮಾಡಿದೆ, 2030ರ ತನಕ. ಮನೆಗಳು ದೂರ ದೂರ ಚದುರಿರುವ ಕಡೆ ಪೈಪಿನ ಖರ್ಚು ಜಾಸ್ತಿ. ಅಂಥವರು ಕಾಯುತ್ತಲೇ ಇದ್ದಾರೆ.

ಅಪ್ಪ, ಈಗ ಮನೆಯ ವಿಷಯ. ತಂಗಿ ಬಾಣಂತನಕ್ಕೆ ಬರುವ ಮುಂಚೆ ನಮ್ಮ ತೋಟದ ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ನೈಟ್ರೇಟ್ ಹೆಚ್ಚು ಹೊಡೆತ ಕೊಡುವುದು ಆರು ತಿಂಗಳೊಳಗಿನ ಕೂಸಿಗೆ. ಅದು ರಕ್ತ ಆಮ್ಲಜನಕ ಒಯ್ಯದ ಹಾಗೆ ಮಾಡಿಬಿಡುತ್ತದೆ, ತುಟಿ, ಉಗುರು ನೀಲಿಗಟ್ಟುತ್ತವೆ. ಬೋರ್ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದ್ದರಿಂದ ಹೀಗಾಗುವುದನ್ನು ಹಂಟರ್ ಕಾಮ್ಲಿ ಎಂಬ ಡಾಕ್ಟರು ಇಲ್ಲಿನ ಅಯೋವಾದಲ್ಲಿ ಗುರುತಿಸಿ ಬರೆದದ್ದು 1945ರಲ್ಲಿ. ನಮ್ಮ ಭಾರತದ ಲ್ಯಾಬ್ ವರದಿಯಲ್ಲಿ ಮಿತಿ 45 ಎಂದಿರುತ್ತದೆ. ನಾನು ಮೇಲೆ ಬರೆದ 10 ನೋಡಿ ಗಾಬರಿಯಾಗಬೇಡಿ. ಇಲ್ಲಿ ನೈಟ್ರೇಟಿನೊಳಗಿನ ಸಾರಜನಕವನ್ನಷ್ಟೇ ಲೆಕ್ಕ ಹಾಕುತ್ತಾರೆ, ಎರಡೂ ಹೆಚ್ಚುಕಡಿಮೆ ಒಂದೇ ಮಿತಿ. ಬಾಟಲಿ ತುಂಬುವ ಮುಂಚೆ ಮೋಟರ್ ಸ್ವಲ್ಪ ಹೊತ್ತು ಓಡಿಸಿ. ತುಂಬಿದ ಮೇಲೆ ತಂಪಾಗಿಟ್ಟು ಅವತ್ತೇ ಲ್ಯಾಬಿಗೆ ಕೊಡಿ, ತಡ ಮಾಡಿದರೆ ಲೆಕ್ಕ ಸರಿ ಬರುವುದಿಲ್ಲ. ಫ್ಲೋರೈಡನ್ನೂ ನೋಡಲು ಹೇಳಿ. ವರದಿ ಬಂದ ಕೂಡಲೇ ಫೋಟೋ ತೆಗೆದು ನನಗೆ ಕಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು