ಅಟ್ಟದಿಂದ ಇಳಿದ ಮೂಟೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಊರಿಂದ ಫೋನ್ ಬರುತ್ತಿತ್ತು. ತಿಪಟೂರಿನ ಹತ್ತಿರದ ನಮ್ಮ ಹಂಚಿನ ಮನೆ ನೆನಪಿದೆ ಅಲ್ವಾ? ಹೋದ ಮಳೆಗಾಲಕ್ಕೆ ಅದರ ತೊಲೆ ಕುಸಿಯಿತು. ಹಂಚು ಇಳಿಸುವ ಮೊದಲು ಕೊಬ್ಬರಿ ಅಟ್ಟ ಖಾಲಿ ಮಾಡಬೇಕಿತ್ತು. ಚಿಕ್ಕವರಿದ್ದಾಗ ನಾವಿಬ್ಬರೂ ಕದ್ದು ಹತ್ತುತ್ತಿದ್ದೆವಲ್ಲ, ಅದೇ ಅಟ್ಟ. ಸಿಪ್ಪೆ ಸಮೇತ ಕಾಯಿಗಳನ್ನು ಹತ್ತಿರ ಹತ್ತಿರ ವರ್ಷದವರೆಗೆ ಅಲ್ಲೇ ಬಿಟ್ಟರೆ ಒಳಗೆ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತಿತ್ತು. ನಾವು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಗಡಗಡ ಅಂದರೆ ಸಾಕು, ಕೆಳಗೆ ಉರುಳಿಸುತ್ತಿದ್ದೆವು.

ಆ ಅಟ್ಟದ ಮೂಲೆಯಲ್ಲಿ ಒಂದು ಗೋಣಿಮೂಟೆ ಸಿಕ್ಕಿತು. ಬಿಚ್ಚಿ ಜಗಲಿಯ ಮೇಲೆ ಸುರಿದರೆ ಅರ್ಧಕ್ಕರ್ಧ ಸಾಮಾನು ಏನೆಂದೇ ಗೊತ್ತಾಗಲಿಲ್ಲ. ಗುಜರಿಯವನು ಬಾಗಿಲಲ್ಲೇ ನಿಂತಿದ್ದ. ಕಬ್ಬಿಣಕ್ಕೆ ಇಷ್ಟು, ಹಿತ್ತಾಳೆಗೆ ಇಷ್ಟು ಅಂತ ಲೆಕ್ಕ ಹೇಳುತ್ತಿದ್ದ. ನಾನು ಕೊಡಲಿಲ್ಲ. ಹೆಸರು ಗೊತ್ತಿಲ್ಲದ ಸಾಮಾನನ್ನು ತೂಕಕ್ಕೆ ಹಾಕಲು ಮನಸ್ಸು ಬರಲಿಲ್ಲ.

ಮೊದಲು ಕೈಗೆ ಬಂದದ್ದು ಕಬ್ಬಿಣದ ಒಂದು ಬಳೆ. ಅದರಿಂದ ಸುತ್ತಲೂ ಕೊಕ್ಕೆಗಳು ಜೋತುಬಿದ್ದಿದ್ದವು, ಒಂದೊಂದೂ ಒಂದೊಂದು ದಿಕ್ಕಿಗೆ ಬಾಗಿದವು. ತಕ್ಕಡಿಯ ಭಾಗ ಇರಬೇಕು ಅಂದುಕೊಂಡೆ. ತಂಗಿಯ ಮಗ ದೋಣಿಯ ಲಂಗರು ಅಂದ. ನಮ್ಮೂರಲ್ಲಿ ದೋಣಿ ಎಲ್ಲಿಂದ ಬರಬೇಕು? ಫೋಟೋ ತೆಗೆದು ದೊಡ್ಡಮ್ಮನಿಗೆ ತೋರಿಸಿದೆ. ಅವರಿಗೀಗ ಎಂಬತ್ತು ದಾಟಿದೆ, ಕಣ್ಣು ಮಂಜು. ಫೋನನ್ನು ಹತ್ತಿರ ತಂದು, ದೂರ ಹಿಡಿದು ನೋಡಿ, "ಏನೋ ಕಾಣೆ ಕಣಪ್ಪ" ಅಂದು ವಾಪಸ್ ಕೊಟ್ಟರು. ಮಾರನೇ ದಿನ ಅದನ್ನೇ ತಂದು ಅವರ ಮಡಿಲಲ್ಲಿಟ್ಟೆ. ಒಂದು ಕೊಕ್ಕೆಯನ್ನು ಬೆರಳಿನಿಂದ ಸವರಿದರು, ಅಷ್ಟೇ. "ಅಯ್ಯೋ, ಪಾತಾಳಗರಡಿ ಅಲ್ವೇನೋ!"

ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಸಾಮಾನು ಅದು. ಹಗ್ಗ ಸವೆದು ಕಿತ್ತರೆ, ಕುಣಿಕೆ ಜಾರಿದರೆ, ಬಿಂದಿಗೆ ತಳ ಸೇರುತ್ತಿತ್ತು. ಆಗ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ತಳಕ್ಕೆ ತಾಗಿಸಿ, ನಿಧಾನವಾಗಿ ಅತ್ತಿತ್ತ ಎಳೆಯಬೇಕು. ಯಾವುದಾದರೂ ಒಂದು ಕೊಕ್ಕೆ ಬಿಂದಿಗೆಯ ಕಂಠಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ್ದು ಕಣ್ಣಿಗೆ ಕಾಣುವುದಿಲ್ಲ, ಹಗ್ಗ ಹಿಡಿದ ಕೈಗೆ ಭಾರ ಗೊತ್ತಾಗಬೇಕು. ಇದನ್ನು ಹೇಳುವಾಗ ದೊಡ್ಡಮ್ಮನ ಎರಡೂ ಕೈ ಗಾಳಿಯಲ್ಲೇ ಹಗ್ಗ ಎಳೆಯುತ್ತಿದ್ದವು. ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲವಂತೆ. ನಮ್ಮ ಬೀದಿಗೆಲ್ಲ ಇದೊಂದೇ. ಇಸ್ಕೊಂಡು ಹೋದವರು ಸಂಜೆಯೊಳಗೆ ತಂದುಕೊಡಬೇಕಿತ್ತು. ಆಮೇಲೆ ಬೋರ್‌ವೆಲ್ ಬಂದವು, ಬಾವಿಗಳು ಬತ್ತಿದವು. ಪಾತಾಳಗರಡಿ ಅಟ್ಟ ಸೇರಿತು.

ಅವತ್ತಿನಿಂದ ಫೋಟೋ ತೋರಿಸುವುದು ಬಿಟ್ಟೆ ಕಣೋ. ದಿನಾ ಬೆಳಿಗ್ಗೆ ಒಂದೊಂದೇ ಸಾಮಾನು ತಂದು ಸುಮ್ನೆ ಅವರ ಕೈಗೆ ಕೊಡುತ್ತಿದ್ದೆ. ನಾನೇನೂ ಕೇಳುತ್ತಿರಲಿಲ್ಲ. ಹೆಬ್ಬೆರಳಷ್ಟು ಅಗಲದ ಕಬ್ಬಿಣದ ಪಟ್ಟಿಯ ಉಂಗುರ ಕೊಟ್ಟೆ, ಪೈಪಿನದಿರಬೇಕು ಅಂತ ನನ್ನ ಲೆಕ್ಕ. ಅವರು ಅದನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರು. ಒನಕೆಯ ಅಣಸು! ಒನಕೆಯ ತುದಿ ಸೀಳದ ಹಾಗೆ ಹಾಕುವ ಬಳೆ. ಒನಕೆ ಯಾವಾಗಲೋ ಒಲೆ ಸೇರಿದೆ, ಅಣಸು ಮಾತ್ರ ಉಳಿದಿದೆ.

ಕವಲಿರುವ ಉದ್ದನೆಯ ಕೋಲೊಂದಿತ್ತು. ತುದಿ ಕಪ್ಪಾಗಿತ್ತು. ಅದನ್ನು ಕೊಟ್ಟಾಗ ಅವರು ಕೂತಲ್ಲೇ ಕಾಲು ನೀಡಿ, ಹಿಂದಿನ ತುದಿಯನ್ನು ಪಾದದಿಂದ ಒತ್ತಿ ಹಿಡಿದರು. ಹಿಟ್ಟು ತೊಳಸುವಾಗ ಮಡಕೆ ಅಲ್ಲಾಡದಂತೆ ಹಿಡಿಯುವ ಕವೆಗೋಲು. ಇಪ್ಪತ್ತು ಆಳಿಗೆ ಮುದ್ದೆ ಮಾಡುವ ಮಡಕೆಯಲ್ಲಿ ಎರಡು ಕೈಯಲ್ಲೂ ದೊಣ್ಣೆ ತಿರುಗಿಸಬೇಕು. ಮಡಕೆ ಹಿಡಿಯಲು ಉಳಿಯುವುದು ಕಾಲು ಮಾತ್ರ. ಅದು ನನಗೆ ಅವತ್ತೇ ಗೊತ್ತಾಗಿದ್ದು.

ಸೇರು, ಅಚ್ಚೇರು ಅಂದರೆ ಅರ್ಧ ಸೇರು, ಪಾವು, ಚಟಾಕು, ಈ ಹಳೇ ಅಳತೆಗಳು ನನಗೂ ಗೊತ್ತಿದ್ದವು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ನಮ್ಮ ಅಜ್ಜಿ ರಾಗಿ ಅಳೆಯುವಾಗ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅಂತ ಶುರು ಮಾಡಿ "ಎರಡು, ಮೂರು" ಅನ್ನುತ್ತಿದ್ದರು. ದೇಶದಲ್ಲಿ ಮೆಟ್ರಿಕ್ ತೂಕ 1958ರಿಂದ ಹಂತ ಹಂತವಾಗಿ ಬಂದು, 1962ರ ಹೊತ್ತಿಗೆ ಕಡ್ಡಾಯವಾಯಿತು. ನಮ್ಮ ಮನೆಯ ಪಾವು ಮಾತ್ರ ಅಕ್ಕಿ ಡಬ್ಬದಿಂದ ಕದಲಲಿಲ್ಲ. ಈಗಲೂ ಅಮ್ಮ ಅನ್ನಕ್ಕೆ ಇಡುವುದು ಪಾವಿನ ಲೆಕ್ಕದಲ್ಲೇ.

ಈ ನಡುವೆ ಒಂದು ದಿನ ರಾಮನಗರದ ಜಾನಪದ ಲೋಕಕ್ಕೂ ಹೋಗಿಬಂದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ. ಅಲ್ಲಿ ನಮ್ಮಂಥ ಮನೆಗಳ ಸಾಮಾನುಗಳನ್ನೇ ಎಷ್ಟು ಜತನವಾಗಿ ಇಟ್ಟಿದ್ದಾರೆ ಗೊತ್ತಾ! ನೀನೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗು. ಆದರೂ ನನಗೆ ಬೇಕಾಗಿದ್ದು ನಮ್ಮೂರಲ್ಲಿ ಏನನ್ನುತ್ತಿದ್ದರು ಅನ್ನೋದು. ನಾವು ಈಳಿಗೆ ಮಣೆ ಅನ್ನುವುದನ್ನು ಕರಾವಳಿಯವರು ಮೆಟ್ಟುಗತ್ತಿ ಅನ್ನುತ್ತಾರೆ. ಎರಡೂ ಸರಿಯೇ. ಕಡಗೋಲಿನ ಹೆಸರಿಗೆ ಉಡುಪಿಯ ಕೃಷ್ಣನ ಕಾವಲಿದೆ, ಅವನ ಕೈಯಲ್ಲಿ ಇರುವವರೆಗೆ ಯಾರೂ ಮರೆಯುವುದಿಲ್ಲ. ಅಣಸಿಗೆ ಅಂಥ ದೇವರು ಯಾರಿದ್ದಾರೆ? ಅದಕ್ಕೇ ಒಂದೊಂದು ಸಾಮಾನಿಗೂ ಚೀಟಿ ಕಟ್ಟುತ್ತಿದ್ದೇನೆ. ಹೆಸರು, ಏನಕ್ಕೆ, ಯಾರು ಬಳಸುತ್ತಿದ್ದರು, ಯಾರು ಹೇಳಿದರು. ದೊಡ್ಡಮ್ಮ ಹೇಳಿದ ಮಾತನ್ನು ಅವರ ಮಾತಲ್ಲೇ ಬರೆದಿದ್ದೇನೆ.

ಮೂಟೆಯ ತಳದಲ್ಲಿ ಕುಟ್ಟಾಣಿ ಇತ್ತು. ಅದಕ್ಕೆ ಯಾರನ್ನೂ ಕೇಳಬೇಕಾಗಲಿಲ್ಲ. ಹಲ್ಲು ಹೋದ ಮೇಲೆ ತಾತ ಎಲೆ ಅಡಿಕೆಯನ್ನು ಅದರಲ್ಲೇ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಊಟ ಆದಮೇಲೆ ಜಗಲಿಯಿಂದ ಆ ಟಣ್ ಟಣ್ ಕೇಳಿದರೆ ನಮಗೆ ನಿದ್ದೆ ಬರುತ್ತಿತ್ತು. ನೀನೂ ಕೇಳಿದ್ದೀಯ. ಒಳಗೆ ಇನ್ನೂ ಸುಣ್ಣದ ಬಿಳಿ ಅಂಟಿಕೊಂಡಿದೆ. ನಾನು ತೊಳೆದಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಒಂದೇ ಒಂದು ಸಾಮಾನು ಉಳಿದುಕೊಂಡಿದೆ. ಗೇಣುದ್ದದ ಮರದ ತುಂಡು, ಎರಡು ತುದಿಯಲ್ಲೂ ತೂತು, ನಡುವೆ ಹಗ್ಗ ಉಜ್ಜಿ ಉಜ್ಜಿ ಹಳ್ಳ ಬಿದ್ದಿದೆ. ದೊಡ್ಡಮ್ಮ ತಿರುಗಿಸಿ ತಿರುಗಿಸಿ ನೋಡಿ, "ಇದು ಹೆಂಗಸರ ಕೈಯದ್ದಲ್ಲ" ಅಂದರು. ಅಷ್ಟೇ ಹೇಳಿದ್ದು. ನಿಮ್ಮ ಅಪ್ಪಾಜಿ ಹಿತ್ತಿಲಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದುದು ನೆನಪಾಯಿತು. ಅವರಿಗೆ ಗೊತ್ತಿದ್ದರೂ ಗೊತ್ತಿರಬಹುದು. ಅದರ ಫೋಟೋ ಕಳಿಸುತ್ತಿಲ್ಲ. ಶುಕ್ರವಾರ ತಮ್ಮ ನಿಮ್ಮ ಕಡೆ ಬರುತ್ತಾನೆ, ಬಟ್ಟೆಯಲ್ಲಿ ಸುತ್ತಿ ಕೊಟ್ಟು ಕಳಿಸುತ್ತೇನೆ. ಅಪ್ಪಾಜಿ ಬೆಳಿಗ್ಗೆ ಕಾಫಿ ಕುಡಿದು ಜಗಲಿಗೆ ಬಂದು ಕೂತಾಗ ಕೈಗೆ ಕೊಡು. ಅವರ ಕೈ ಏನು ಮಾಡುತ್ತೆ ನೋಡು. ಪಕ್ಕದಲ್ಲಿ ಒಂದು ತುಂಡು ಹಗ್ಗವನ್ನೂ ಇಟ್ಟಿರು.

ಅಪ್ಪಾಜಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ