ರಜೆಯ ಕೊನೆಯ ದಿನಕ್ಕೆ ಹಲಸಿನ ಕಡುಬು

ಮಗಳೇ,

ಶಿರಸಿಯ ಕೊನೆಯ ದಿನದ ಪಟ್ಟಿಯಿಂದ ಯಾಣವನ್ನು ತೆಗೆದುಹಾಕು. ಅಲ್ಲಿನ 120 ಮೀಟರ್ ಎತ್ತರದ ಕಲ್ಲುಬಂಡೆ, ಭೈರವೇಶ್ವರ ಶಿಖರ, ಎಲ್ಲೂ ಓಡಿಹೋಗುವುದಿಲ್ಲ. ಹೋಗಿ ಬರುವಷ್ಟರಲ್ಲಿ ಅರ್ಧ ದಿನ ದಾರಿಯಲ್ಲೇ ಕಳೆದುಹೋಗುತ್ತದೆ. ಅದರ ಬದಲು ಬೆಳಿಗ್ಗೆಯೇ ಸಹಸ್ರಲಿಂಗಕ್ಕೆ ಹೋಗು. ಮೇ ತಿಂಗಳಲ್ಲಿ ಶಾಲ್ಮಲಾ ನದಿ ಇಳಿದಿರುತ್ತಾಳೆ, ಬಂಡೆಗಳ ಮೇಲಿನ ಲಿಂಗಗಳೂ ಬಸವಗಳೂ ಪೂರ್ತಿ ಕಾಣುತ್ತವೆ. ಮಳೆ ಹಿಡಿದರೆ ಬಹುಪಾಲು ಮುಳುಗುತ್ತವೆ. ಪಾಚಿ ಕಟ್ಟಿದ ಕಲ್ಲಿಗೆ ಕಾಲಿಡಬೇಡ. ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ ಮೇಲೆಲ್ಲೋ ಮಳೆಯಾಗಿದೆ ಎಂದರ್ಥ, ತಕ್ಷಣ ದಡ ಹತ್ತು.

ಒಂದೆರಡು ಮಳೆ ಬಿದ್ದಿದ್ದರೆ ಉಂಬಳ (ರಕ್ತ ಹೀರುವ ಜಿಗಣೆ) ಎದ್ದಿರುತ್ತದೆ. ಹತ್ತಿಕೊಂಡರೆ ಜಗ್ಗಬೇಡ, ಅದರ ಸಪೂರ ತುದಿಯ ಅಡಿಗೆ ಉಗುರು ತೂರಿಸಿ ಬಿಡಿಸು. ರಕ್ತ ಬೇಗ ನಿಲ್ಲುವುದಿಲ್ಲ, ಅದರ ಜೊಲ್ಲು ಹೆಪ್ಪುಗಟ್ಟಲು ಬಿಡುವುದಿಲ್ಲವಲ್ಲ. ತೊಳೆದು ಬಟ್ಟೆ ಒತ್ತಿ ಹಿಡಿ, ಸಾಕು.

ಮಧ್ಯಾಹ್ನಕ್ಕೆ ಹಲಸಿನ ಕಡುಬು ಮಾಡಿಕೊಡಲು ಉಳಿದುಕೊಂಡ ಮನೆಯವರನ್ನು ಹಿಂದಿನ ದಿನವೇ ಕೇಳು. ಸಾಧ್ಯವಾದರೆ ಅಡುಗೆಮನೆಯಲ್ಲಿ ನಿಂತು ನೋಡು. ಒಂದು ಲೋಟ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿಯಬೇಕು. ಎರಡು ಲೋಟ ಹಣ್ಣಿನ ತೊಳೆ, ಅರ್ಧ ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ ಸಣ್ಣ ರವೆಯ ಹದಕ್ಕೆ ರುಬ್ಬಿದರಾಯಿತು. ಹೆಚ್ಚಿನವರು ಎಡವುವುದು ಇಲ್ಲೇ: ಮಿಕ್ಸಿ ತಿರುಗಲಿಲ್ಲವೆಂದು ನೀರು ಹಾಕುತ್ತಾರೆ. ಹಣ್ಣು, ಬೆಲ್ಲ ಎರಡೂ ನೀರು ಬಿಡುವುದರಿಂದ ಹಿಟ್ಟು ತೆಳುವಾಗಿ, ಎಷ್ಟು ಬೇಯಿಸಿದರೂ ಅಂಟಂಟಾಗಿಯೇ ಉಳಿಯುತ್ತದೆ. ಮೊದಲು ತೊಳೆ ರುಬ್ಬಿ, ಆಮೇಲೆ ಅಕ್ಕಿ ಹಾಕಿದರೆ ನೀರೇ ಬೇಡ. ಮೆತ್ತನೆ ತೊಳೆಯ ಅಂಬಲಿ ಹಲಸಾದರೆ ರಸ ಜಾಸ್ತಿ, ಬೆಲ್ಲವನ್ನೂ ಸ್ವಲ್ಪ ಕಡಿಮೆ ಮಾಡಬೇಕು. ಗಟ್ಟಿ ತೊಳೆಯ ಬಕ್ಕೆಯ ಹಣ್ಣಿಗೆ ಈ ಅಳತೆ ಸರಿ.

ಹಿಟ್ಟು ಸುತ್ತುವ ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸದೆ ಮಡಚಿದರೆ ಸೀಳುತ್ತದೆ. ಹಿಟ್ಟು ಒಂದು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಿದ್ದರೆ ನಲವತ್ತು ನಿಮಿಷದ ಹಬೆ ಸಾಕು. ಚಾಕು ಚುಚ್ಚಿದಾಗ ಹಿಟ್ಟು ಅಂಟಬಾರದು. ಸಾಗುವಾನಿ ಎಲೆಯಲ್ಲಿ ಬೇಯಿಸಿದರೆ ಕೆಂಪು ಬಣ್ಣ ಬರುತ್ತದೆ. ನನ್ನ ಓಟು ಅದಕ್ಕೇ. ಮೇಲೆ ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ. ಸಂಜೆ ಸುತ್ತುದಾರಿಯ ಪಯಣವಿದ್ದರೆ ಎರಡು ಕಡುಬಿಗೇ ಕೈ ತೊಳೆ. ತುಪ್ಪ ಹಾಕಿದ ಸಿಹಿ, ಮೇಲೆ ತಿರುವು, ವಾಂತಿಗೆ ಬೇರೆ ಕಾರಣ ಬೇಡ.

ಕಟ್ಟಿಕೊಡುವುದಾದರೆ ಕಡುಬು ಪೂರ್ತಿ ಆರಲಿ. ಬಿಸಿಯಲ್ಲೇ ಡಬ್ಬಿಗೆ ಹಾಕಿದರೆ ಬೆವರಿ ಹಳಸುತ್ತದೆ. ಕಾಯಿತುರಿ ಇರುವುದರಿಂದ ರಾತ್ರಿಯೊಳಗೆ ತಿಂದುಬಿಡು. ತೊಡೆದೇವು, ಆ ತೆಳ್ಳನೆ ಗರಿಗರಿ ಸಿಹಿ, ಮಾತ್ರ ಗಟ್ಟಿ ಡಬ್ಬಿಯಲ್ಲೇ ಬರಬೇಕು. ಚೀಲದಲ್ಲಿ ಪುಡಿಯಾಗುತ್ತದೆ, ಗಾಳಿಯಾಡಿದರೆ ಮೆತ್ತಗಾಗುತ್ತದೆ. ಮುರುಗಲು (ಕೋಕಂ) ಸಿಪ್ಪೆ ಕೊಳ್ಳುವಾಗ ಬಾಗಿಸಿ ನೋಡು. ಒಳಗೆ ಹಸಿ ಕಂಡರೆ ಬೂಷ್ಟು ಹಿಡಿಯುತ್ತದೆ, ಮನೆಗೆ ಬಂದ ದಿನವೇ ಬಿಸಿಲಿಗೆ ಹರವಿ ಗಾಜಿನ ಬಾಟಲಿಗೆ ತುಂಬು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಆ ಹುಳಿ ಪಾತ್ರೆಯನ್ನೇ ತಿನ್ನುತ್ತದೆ.

ಅಮ್ಮ