‘ವಿದರ್’ ಅಂದರೆ ಎಲ್ಲಿ ಅಲ್ಲ, ಎಲ್ಲಿಗೆ

ಮಾನ್ಯರೇ,

ಇಂಗ್ಲಿಷ್ ಲೇಖನಗಳ ತಲೆಬರಹದಲ್ಲಿ, ವಿಚಾರ ಸಂಕಿರಣಗಳ ಬ್ಯಾನರುಗಳಲ್ಲಿ ‘ವಿದರ್ (whither) ಡೆಮಾಕ್ರಸಿ?’, ‘ವಿದರ್ ಎಜುಕೇಷನ್?’ ಎಂಬ ಪ್ರಶ್ನೆ ಆಗಾಗ ಕಾಣಿಸುತ್ತದೆ. ಅದರಲ್ಲಿ ಡಬ್ಲ್ಯೂ ಪಕ್ಕದ ಎಚ್ ಬಿಟ್ಟುಹೋದರೆ ‘ಬಾಡು, ಒಣಗು’ ಎಂಬ ಕ್ರಿಯಾಪದ (wither) ಆಗುತ್ತದೆ. ಪ್ರಜಾಪ್ರಭುತ್ವ ಎತ್ತ ಸಾಗಿದೆ ಎಂದು ಕೇಳಹೊರಟವರು ‘ಒಣಗಿಹೋಗು’ ಎಂದು ಅದಕ್ಕೆ ಶಾಪ ಹಾಕಿದಂತೆ! ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಬರೀ ಕಾಗುಣಿತ ನೋಡುವ ತಂತ್ರಾಂಶಕ್ಕೆ ಈ ತಪ್ಪು ಸಿಕ್ಕುವುದಿಲ್ಲ. ನಮ್ಮ ಕಿವಿಗೂ ಎರಡೂ ‘ವಿದರ್’ ಒಂದೇ.

ಈ ಎಚ್ ಅಲಂಕಾರಕ್ಕೆ ಬಂದದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಪದದ ರೂಪ ‘ಹ್ವಿಡೆರ್’. ಬರೆಯುವಾಗ ಎಚ್ ಮೊದಲು, ಡಬ್ಲ್ಯೂ ಆಮೇಲೆ. ಮುಂದೆ ಬರಹದಲ್ಲಿ ಎರಡೂ ಅದಲುಬದಲಾದವು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಹಲವರ ಬಾಯಲ್ಲಿ ಆ ‘ಹ್ವ’ ಇನ್ನೂ ಉಳಿದಿದೆ. ನಡುವಿನ ‘ಡ’ ಸವೆದು ‘ದ’ ಆಯಿತು. ‘ಫಾದರ್’, ‘ಮದರ್’ ಪದಗಳಲ್ಲೂ ಹಿಂದೆ ಇದ್ದದ್ದು ‘ಡ’ಕಾರವೇ.

ಅರ್ಥದ ವಿಷಯಕ್ಕೆ ಬಂದರೆ, ಇದು ಕನ್ನಡದವರಿಗೆ ಕಷ್ಟವಾಗಬೇಕಾದ ಪದವೇ ಅಲ್ಲ. ವೇರ್ ಅಂದರೆ ಎಲ್ಲಿ, ವಿದರ್ ಅಂದರೆ ಎಲ್ಲಿಗೆ, ವೆನ್ಸ್ ಅಂದರೆ ಎಲ್ಲಿಂದ. ಹಾಗೆಯೇ ಹಿಯರ್, ಹಿದರ್, ಹೆನ್ಸ್. ದೇರ್, ದಿದರ್, ದೆನ್ಸ್. ಒಂಬತ್ತು ಪದಗಳು ಮೂರು ಸಾಲಿನಲ್ಲಿ ನಮ್ಮ ‘ಗೆ’, ‘ಇಂದ’ ಪ್ರತ್ಯಯಗಳ ಜೊತೆ ತಾಳೆಯಾಗುತ್ತವೆ. ಆದರೂ ಪಾಠ ಹೇಳುವಾಗ ವಿದರ್‌ಗೆ ‘ಎಲ್ಲಿ’ ಎಂದಷ್ಟೇ ಅರ್ಥ ಕೊಟ್ಟು ಮುಂದೆ ಹೋಗುವವರಿದ್ದಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ‘ಕಚೇರಿ ಎಲ್ಲಿದೆ?’ ಎನ್ನಲು ವಿದರ್ ಬಳಸಿದರೆ ‘ಕಚೇರಿ ಎಲ್ಲಿಗೆ ಇದೆ?’ ಎಂದಂತಾಗುತ್ತದೆ. ಚಲನೆ ಇಲ್ಲದ ಕಡೆ ಈ ಪದಕ್ಕೆ ಕೆಲಸವಿಲ್ಲ. ಅದರ ಹಿಂದೆ ‘ಟು’ ಸೇರಿಸುವುದೂ ಬೇಡ, ‘ಗೆ’ ಪದದೊಳಗೇ ಇದೆ. ‘ಫ್ರಮ್ ವೆನ್ಸ್’ ಕೂಡ ಲೆಕ್ಕಕ್ಕೆ ‘ಎಲ್ಲಿಂದದಿಂದ’ ಆಗಬೇಕು. ಆದರೆ 1611ರ ಇಂಗ್ಲಿಷ್ ಬೈಬಲಿನ 121ನೇ ಕೀರ್ತನೆಯಲ್ಲೇ ಅದು ಇರುವಾಗ, ಅದಕ್ಕೆ ಕೆಂಪು ಶಾಯಿ ಹಾಕುವುದು ಸ್ವಲ್ಪ ಅತಿಯಾಯಿತು.

ಜರ್ಮನ್ನರು ಇಂದಿಗೂ ‘ವೋಹಿನ್’, ‘ವೋಹೇರ್’ ಎಂದು ಎಲ್ಲಿಗೆ, ಎಲ್ಲಿಂದಗಳನ್ನು ಬೇರೆಬೇರೆ ಇಟ್ಟುಕೊಂಡಿದ್ದಾರೆ. ಇಂಗ್ಲಿಷ್ ಏಕೆ ಬಿಟ್ಟಿತು ಎಂಬುದಕ್ಕೆ ನಮ್ಮ ಆಡುಮಾತನ್ನೇ ನೋಡಬಹುದು. ‘ಇಲ್ಲಿ ಬಾ’, ‘ಎಲ್ಲಿ ಹೋಗಿದ್ದೆ?’ ಎನ್ನುವಾಗ ‘ಗೆ’ ತಾನಾಗಿ ಉದುರುತ್ತದೆ. ಹೋಗು, ಬಾ ಎಂಬ ಕ್ರಿಯಾಪದಗಳೇ ದಿಕ್ಕು ಹೇಳುವುದರಿಂದ ಅದಿಲ್ಲದೆ ನಡೆಯುತ್ತದೆ. ‘ಇಂದ’ ಮಾತ್ರ ಉದುರುವುದಿಲ್ಲ, ‘ಎಲ್ಲಿ ಬಂದೆ?’ ಅಂದರೆ ‘ಎಲ್ಲಿಂದ ಬಂದೆ?’ ಆಗದು. ಇಂಗ್ಲಿಷಿನಲ್ಲೂ ಹಾಗೆಯೇ ವಿದರ್‌ನ ಜಾಗಕ್ಕೆ ಬರಿಯ ‘ವೇರ್’ ಸಾಕಾಯಿತು, ವೆನ್ಸ್‌ನ ಜಾಗಕ್ಕೆ ‘ಫ್ರಮ್’ ಜೊತೆಗಿರಲೇಬೇಕಾಯಿತು. ಹಿದರ್ ಈಗ ‘ಹಿದರ್‌ಟು’ (ಈತನಕ) ಎಂಬಲ್ಲಿ ಅಂಟಿಕೊಂಡಿದೆ, ಹೆನ್ಸ್ ‘ಆದ್ದರಿಂದ’ ಆಗಿದೆ. ‘ಸಿಕ್ಸ್ ಮಂತ್ಸ್ ಹೆನ್ಸ್’ ಎಂದಿದ್ದರೆ ಇಂದಿನಿಂದ ಆರು ತಿಂಗಳ ನಂತರ ಎಂದರ್ಥ. ಇದನ್ನು ‘ಆದ್ದರಿಂದ ಆರು ತಿಂಗಳು’ ಎಂದು ಅನುವಾದಿಸಿದರೆ ವಾಯಿದೆಯ ಲೆಕ್ಕವೇ ತಪ್ಪುತ್ತದೆ.

ಒಂಟಿಯಾಗಿ ವಿದರ್ ಉಳಿದಿರುವುದು ಹೆಚ್ಚಾಗಿ ತಲೆಬರಹಗಳಲ್ಲಿ. 1933ರಲ್ಲಿ ಜವಾಹರಲಾಲ್ ನೆಹರೂ ಬರೆದ ಲೇಖನಮಾಲೆಗೆ ‘ವಿದರ್ ಇಂಡಿಯಾ?’ ಎಂದೇ ಹೆಸರು. ಹೆಸರಿನ ಮುಂದೆ ಈ ಪದ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ‘ಹೋಗುತ್ತಿದೆ’ ಎನ್ನುವ ಕ್ರಿಯಾಪದ ಬೇಕಿಲ್ಲ. ಇದನ್ನು ಕನ್ನಡಕ್ಕೆ ತರುವಾಗ ‘ಎತ್ತ’ ಎಂಬ ಪದ ಕೈಗೆ ಸಿದ್ಧವಿದೆ. ವಚನಗಳಲ್ಲಿ ಬರುವ ‘ಎತ್ತಣ’ ಅದರದೇ ಒಡಹುಟ್ಟು, ಅದಕ್ಕೆ ವೆನ್ಸ್‌ನ ಅರ್ಥ. ‘ಕನ್ನಡ ಎತ್ತ?’ ಎಂದರೆ ಮೂಲದಷ್ಟೇ ಚುಟುಕು, ಅಲ್ಲೂ ಕ್ರಿಯಾಪದ ಬೇಡ. ಬದಲಿಗೆ ‘ಕನ್ನಡ ಎಲ್ಲಿ?’ ಎಂದು ಬರೆದರೆ, ಅದು ಅಂಗಡಿಯ ನಾಮಫಲಕ ನೋಡಿ ಕೇಳುವ ಬೇರೆಯದೇ ಪ್ರಶ್ನೆ.

– ಓರ್ವ ಇಂಗ್ಲಿಷ್ ಅಧ್ಯಾಪಕ, ಮೈಸೂರು